ಬಾಗಿಲ ಹಿಡಿಗುಂಡೂ ಮಿರ್ಜಾಪುರದ ಪಾತ್ರೆಯೂ

ಗೃಹಸ್ಥನು ದಿನಕ್ಕೆ ಹತ್ತಾರು ಬಾರಿ ಮುಟ್ಟಿ ಮರೆಯುವ ಪದಾರ್ಥಗಳಲ್ಲಿ ಬಾಗಿಲ ಹಿಡಿಗುಂಡು ಒಂದು. ಅದು ಮರದ್ದಾಗಲಿ, ಹಿತ್ತಾಳೆಯದಾಗಲಿ, ಪಿಂಗಾಣಿಯದಾಗಲಿ, ಬಾಗಿಲು ತೆರೆದರೆ ಸಾಕೆಂಬುದು ಲೋಕದ ಮತ. ಆದರೂ ಇಂತಹದೊಂದು ಹಿಡಿಗುಂಡನ್ನು ಕುರಿತು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪರಮೋಚ್ಚ ನ್ಯಾಯಾಲಯವು 1851ರಲ್ಲಿ ಕೊಟ್ಟ ತೀರ್ಪು, ಯಾವುದು ನೂತನ ಕಲ್ಪನೆ, ಯಾವುದು ಬರಿಯ ಕೈಚಳಕ ಎಂಬ ವಿವೇಚನೆಗೆ ಆ ದೇಶದಲ್ಲಿ ಮೂಲಾಧಾರವಾಯಿತು. ಬೊಂಬಾಯಿ, ಕಲ್ಕತ್ತೆಗಳ ವಕೀಲರು ಹೆಸರು ಹೇಳಬಲ್ಲ ದೊಡ್ಡ ಯಂತ್ರಗಳ ವ್ಯಾಜ್ಯಗಳೆಷ್ಟೋ ಇವೆ. ಆದರೆ ಈ ಪ್ರಶ್ನೆಯು ಅಡುಗೆಮನೆ, ಪಡಸಾಲೆಗಳ ಸಣ್ಣ ವಸ್ತುಗಳಲ್ಲಿ ತೊಡಕಿದಷ್ಟು ಮತ್ತೆಲ್ಲಿಯೂ ತೊಡಕಿದಂತೆ ಕಾಣದು. ಉಗಿಯಂತ್ರವನ್ನು ಕಂಡು ‘ಇದು ಯಾರಿಗಾದರೂ ಹೊಳೆಯುತ್ತಿತ್ತು’ ಎನ್ನುವವನು ವಿರಳ. ಹಿಡಿಗುಂಡನ್ನು ಕಂಡರೆ ಹಾಗೆನ್ನದವನೇ ವಿರಳ.

ಪೇಟೆಂಟೆಂಬ ಸನ್ನದಿನ ತತ್ತ್ವವು ಒಂದು ಬಗೆಯ ಕೊಡುಕೊಳ್ಳುವಿಕೆ. ಹೊಸ ಉಪಾಯವನ್ನು ಕಂಡುಹಿಡಿದವನು ಅದರ ಮರ್ಮವನ್ನು ಮುಚ್ಚಿಡದೆ ಬರೆದು ಸರ್ಕಾರಕ್ಕೆ ಒಪ್ಪಿಸತಕ್ಕದ್ದು. ಅದಕ್ಕೆ ಪ್ರತಿಯಾಗಿ ನಿಯಮಿತವಾದ ಕೆಲವು ವರ್ಷಗಳ ಕಾಲ ಅದನ್ನು ಬಳಸುವ, ಮಾರುವ ಹಕ್ಕು ಅವನೊಬ್ಬನದು. ಅವಧಿ ತೀರಿದ ಬಳಿಕ ಅದು ಸರ್ವರ ಸೊತ್ತು. ಆ ವರ್ಷಗಳಲ್ಲಿ ಬೇರೊಬ್ಬ ಕೈಕಸಬಿನವನು ತನ್ನ ಬುದ್ಧಿಯಿಂದಲೇ ಅದೇ ಉಪಾಯವನ್ನು ಮಾಡಿಕೊಂಡರೂ ಅವನು ಅಪರಾಧಿಯೇ. ಆದುದರಿಂದ ಸನ್ನದು ಕೊಡುವ ಸರ್ಕಾರವು ಕೊಡುವುದು ತನ್ನ ಬೊಕ್ಕಸದಿಂದಲ್ಲ, ಉಳಿದ ಕಸಬುದಾರರ ಸ್ವಾತಂತ್ರ್ಯದಿಂದ. ಅಲ್ಪವಾದ ಬದಲಾವಣೆಗೆಲ್ಲ ಸನ್ನದು ದೊರೆತರೆ ಬಡಗಿ, ಕುಂಬಾರ, ಕಂಚುಗಾರರು ತಮ್ಮ ಅಂಗಡಿಯಲ್ಲಿ ತಾವೇ ಕೈಕಟ್ಟಿ ಕೂಡಬೇಕಾದೀತು. ದೊರೆಯದೇ ಹೋದರೆ, ವರ್ಷಗಟ್ಟಲೆ ತಲೆ ಕೆಡಿಸಿಕೊಂಡವನ ಫಲವನ್ನು ನೆರೆಯವನು ಒಂದು ದಿನದಲ್ಲಿ ನಕಲು ಮಾಡಿಯಾನು. ಎರಡರ ನಡುವಣ ಗಡಿ ಎಲ್ಲಿ?

1841ನೆಯ ಇಸವಿ ಜುಲೈ 29ರಂದು ಹಾಚ್‌ಕಿಸ್, ಡೇವನ್‌ಪೋರ್ಟ್, ಕ್ವಿನ್ಸಿ ಎಂಬ ಮೂವರಿಗೆ ಕುಂಬಾರನ ಜೇಡಿಯಿಂದಲೂ ಪಿಂಗಾಣಿಯಿಂದಲೂ ಬಾಗಿಲ ಹಿಡಿಗುಂಡನ್ನು ಮಾಡುವುದಕ್ಕಾಗಿ ಸನ್ನದು ದೊರೆಯಿತು. ಮಣ್ಣಿನ ಗುಂಡಿಗೆ ಲೋಹದ ದಂಡವನ್ನು ಸೇರಿಸುವುದು ಸುಲಭವಲ್ಲ; ಮೊಳೆ ಹೊಡೆದರೆ ಒಡೆಯುತ್ತದೆ, ಅಂಟು ಹಾಕಿದರೆ ಬಿಡುತ್ತದೆ. ಇವರ ಕ್ರಮವೇನೆಂದರೆ, ಗುಂಡಿನೊಳಗೆ ಬಾಯಿ ಕಿರಿದಾಗಿ ಒಳಗೆ ಅಗಲವಾಗುವ ಒಂದು ಕುಳಿಯನ್ನು ಬಿಡುವುದು. ಬಡಗಿಗಳು ಪಾರಿವಾಳದ ಬಾಲಕ್ಕೆ ಹೋಲಿಸುವ ಆಕಾರವದು. ಕರಗಿದ ಲೋಹವನ್ನು ಅದರೊಳಕ್ಕೆ ಹೊಯ್ದರೆ ಆರಿದ ಮೇಲೆ ಅದು ಹೊರಕ್ಕೆ ಬರಲಾರದು. ಇಂತಹ ಹಿಡಿಗುಂಡು ಅಗ್ಗವಾಗಿತ್ತು, ನೋಟಕ್ಕೂ ಚೆನ್ನಾಗಿತ್ತು. ಒಹಾಯೋ ಪ್ರಾಂತದಲ್ಲಿ ಗ್ರೀನ್‌ವುಡ್ ಮೊದಲಾದವರು ಇದನ್ನೇ ಮಾಡಲಾರಂಭಿಸಲು ಸನ್ನದುದಾರರು ಫಿರ್ಯಾದು ಹೂಡಿದರು. ಪ್ರತಿವಾದಿಗಳು ಕೊಟ್ಟ ಉತ್ತರವಿಷ್ಟು: ಇದೇ ದಂಡ, ಇದೇ ಕುಳಿ, ಇದೇ ಜೋಡಣೆ ಲೋಹದ ಹಾಗೂ ಮರದ ಹಿಡಿಗುಂಡುಗಳಲ್ಲಿ ಮೊದಲೇ ಇತ್ತು, ಮಣ್ಣಂತೂ ಆದಿಯಿಂದಲೂ ಇದೆ, ಮರದ ಜಾಗಕ್ಕೆ ಮಣ್ಣು ಬಂದುದನ್ನು ಹೊಸ ಕಲ್ಪನೆಯೆನ್ನುವುದು ಹೇಗೆ?

ಕೆಳಗಿನ ನ್ಯಾಯಾಲಯದಲ್ಲಿ ಜೂರಿಯವರಿಗೆ ಕೊಟ್ಟ ಸೂಚನೆಯೇ ಮುಂದಿನ ವಾದಕ್ಕೆಲ್ಲ ಬೀಜವಾಯಿತು. ಈ ಜೋಡಣೆಗೆ ಆ ಕಸಬಿನಲ್ಲಿ ನುರಿತ ಸಾಮಾನ್ಯ ಕೆಲಸಗಾರನಿಗಿರುವ ಕೌಶಲಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲವೆಂದು ತೋರಿದರೆ ಸನ್ನದು ನಿಲ್ಲದು ಎಂಬುದು ಆ ಸೂಚನೆ. ಜೂರಿಯವರು ಪ್ರತಿವಾದಿಗಳ ಪರವಾಗಿ ಹೇಳಿದರು. ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ನೆಲ್ಸನ್ ಅವರು ಬಹುಮತದ ತೀರ್ಪನ್ನು ಬರೆದು, ಸೂಚನೆ ಸರಿಯೆಂದು ಎತ್ತಿಹಿಡಿದರು. ಹಿಡಿಗುಂಡು ಮೊದಲಿಗಿಂತ ಮೇಲಾಗಿರಬಹುದು, ಅಗ್ಗವೂ ಆಗಿರಬಹುದು; ಆದರೆ ಅದು ಕುಶಲನಾದ ಕೆಲಸಗಾರನ ಕೃತಿಯೇ ಹೊರತು ಕಲ್ಪಕನ ಕೃತಿಯಲ್ಲ ಎಂಬುದು ಅವರ ನಿರ್ಣಯ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಅಂದು ಜಾರಿಯಲ್ಲಿದ್ದ 1836ರ ಕಾಯಿದೆಯು ಕೇಳುತ್ತಿದ್ದುದು ವಸ್ತುವು ಹೊಸದೇ, ಉಪಯುಕ್ತವೇ ಎಂದು ಮಾತ್ರ. ಅದಕ್ಕೂ ಮುಂಚಿನ 1793ರ ಕಾಯಿದೆಯು ಯಂತ್ರದ ಆಕಾರವನ್ನೋ ಪ್ರಮಾಣವನ್ನೋ ಬದಲಿಸಿದ ಮಾತ್ರಕ್ಕೆ ಅದು ಹೊಸ ಶೋಧವಾಗದೆಂದು ಹೇಳಿತ್ತಾದರೂ, ಕೆಲಸಗಾರನ ಕೌಶಲವನ್ನು ಅಳತೆಗೋಲಾಗಿ ನೆಟ್ಟಿರಲಿಲ್ಲ. ಸಾಮಾನ್ಯ ಕೆಲಸಗಾರನೆಂಬ ಈ ಕಲ್ಪಿತ ಪುರುಷನು ನ್ಯಾಯಾಲಯದೊಳಕ್ಕೆ ಬಂದುದು ಶಾಸನದ ಬಾಗಿಲಿನಿಂದಲ್ಲ, ನ್ಯಾಯಾಧೀಶರ ಕೈಹಿಡಿದು. ಹೀಗೆಂದು ಎತ್ತಿ ತೋರಿಸಿದವರು ನ್ಯಾಯಮೂರ್ತಿ ವುಡ್‌ಬರಿ. ಅವರೊಬ್ಬರೇ ಭಿನ್ನಮತ ಬರೆದರು. ವಸ್ತುವು ಹೊಸದಾಗಿ, ಮೊದಲಿನದಕ್ಕಿಂತ ಮೇಲಾಗಿ, ಅಗ್ಗವಾಗಿ ಜನರಿಗೆ ದೊರೆತರೆ ಅದೇ ಪ್ರಯೋಜನಕ್ಕೆ ಸಾಕ್ಷಿಯೆಂದೂ, ಕೌಶಲ ಎಷ್ಟು ಬೇಕಾಗಿತ್ತೆಂಬುದು ನೋಡುವವರ ಮನಸ್ಸಿನಂತೆ ಬದಲಾಗುವ ಅಳತೆಯೆಂದೂ ಅವರ ಅಭಿಪ್ರಾಯ. ಆ ವರ್ಷದಲ್ಲಿಯೇ ಅವರು ತೀರಿಕೊಂಡರು. ಅವರ ಅಭಿಪ್ರಾಯ ಸೋತಿತಾದರೂ ಸತ್ತಿತೆಂದು ಹೇಳಲಾಗದು.

ಕಾವ್ಯಮೀಮಾಂಸೆಯನ್ನು ಓದಿದವರಿಗೆ ಈ ಜಗಳವು ಅಪರಿಚಿತವಾಗಿ ತೋರಲಾರದು. ಮಮ್ಮಟನು ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿ ಕಾರಣವೆಂದನು. ನಮ್ಮ ಆಲಂಕಾರಿಕನು ಕೂಡಿಸಿದ್ದನ್ನು ಆ ನ್ಯಾಯಾಧೀಶರು ಬೇರ್ಪಡಿಸಬೇಕಾಯಿತು: ನಿಪುಣತೆ ಅಭ್ಯಾಸಗಳಿಂದ ಹುಟ್ಟಿದ್ದಕ್ಕೆ ಸನ್ನದಿಲ್ಲ, ಶಕ್ತಿಯಿಂದ ಹುಟ್ಟಿದ್ದಕ್ಕೆ ಉಂಟು. ಆನಂದವರ್ಧನನು ಒಬ್ಬ ಕವಿಯ ಅರ್ಥವು ಇನ್ನೊಬ್ಬನದನ್ನು ಹೋಲುವುದರಲ್ಲಿ ಪ್ರತಿಬಿಂಬದಂತಹದು, ಚಿತ್ರದಂತಹದು, ಸದೃಶದೇಹಿಯಂತಹದು ಎಂದು ಮೂರು ಬಗೆ ಮಾಡಿ, ಕೊನೆಯದನ್ನು ಮಾತ್ರ ಒಪ್ಪಿದನು. ಪೇಟೆಂಟ್ ವಕೀಲನು ಅದನ್ನು ಓದಿದ್ದರೆ ಅವನ ವಾದಕ್ಕೆ ಒಳ್ಳೆಯ ಸಾಮಗ್ರಿ ಸಿಗುತ್ತಿತ್ತು.

ಹಿಡಿಗುಂಡಿನ ಬಳಿಕ ಪೆನ್ಸಿಲು. ಫಿಲಡೆಲ್ಫಿಯಾದ ಹೈಮನ್ ಲಿಪ್‌ಮನ್ ಎಂಬವನು 1858ರ ಮಾರ್ಚ್ 30ರಂದು, ಒಂದು ಕೊನೆಯಲ್ಲಿ ಸೀಸವೂ ಇನ್ನೊಂದು ಕೊನೆಯಲ್ಲಿ ಅಳಿಸುವ ರಬ್ಬರೂ ಇರುವ ಪೆನ್ಸಿಲಿಗೆ ಸನ್ನದು ಪಡೆದನು. ಅದನ್ನು ರೆಕೆಂಡಾರ್ಫರ್ ಎಂಬವನು ಕೊಂಡು, 1862ರಲ್ಲಿ ತಾನೊಂದು ಸುಧಾರಣೆಯ ಸನ್ನದನ್ನೂ ಪಡೆದು, ಪೆನ್ಸಿಲ್ ತಯಾರಕನಾದ ಫೇಬರನ ಮೇಲೆ ವ್ಯಾಜ್ಯ ಹೂಡಿದನು. 1875ರಲ್ಲಿ ಪರಮೋಚ್ಚ ನ್ಯಾಯಾಲಯವು ಎರಡನ್ನೂ ತಳ್ಳಿಹಾಕಿತು. ಸೀಸವು ಮೊದಲಿನಂತೆಯೇ ಬರೆಯುತ್ತದೆ, ರಬ್ಬರು ಮೊದಲಿನಂತೆಯೇ ಅಳಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಹೊಸ ಶಕ್ತಿಯೇನೂ ಬರಲಿಲ್ಲ. ಎರಡನ್ನೂ ಒಂದೇ ಕೋಲಿಗೆ ಸೇರಿಸಿದ್ದು ಅನುಕೂಲವೇ ಹೊರತು ಕಲ್ಪನೆಯಲ್ಲ ಎಂಬುದು ಅದರ ಸಾರ. ಭಾರತದ 1970ರ ಪೇಟೆಂಟ್ ಕಾಯಿದೆಯ 3ನೆಯ ವಿಭಾಗವು, ತಮ್ಮ ತಮ್ಮ ಕೆಲಸವನ್ನು ಬೇರೆಬೇರೆಯಾಗಿ ಹಳೆಯ ರೀತಿಯಲ್ಲೇ ಮಾಡುವ ಹಳೆಯ ಸಾಧನಗಳನ್ನು ಒಟ್ಟಿಗೆ ಜೋಡಿಸಿದ ಮಾತ್ರಕ್ಕೆ ಅದು ನೂತನ ಶೋಧವಲ್ಲವೆಂದು ವಿಧಿಸುತ್ತದೆ. ಅದನ್ನು ಓದುವಾಗ ಶಾಲೆಯ ಹುಡುಗರ ಕೈಯಲ್ಲಿರುವ ಆ ಪೆನ್ಸಿಲು ನೆನಪಾಗದಿರದು.

ಮುಂದೆ ಅಮೆರಿಕದ ನ್ಯಾಯಾಲಯವು ಈ ದಾರಿಯಲ್ಲಿ ಅತಿಗೆ ಹೋಯಿತೆನ್ನಬೇಕು. 1941ರಲ್ಲಿ ಮೋಟಾರುಗಾಡಿಯಲ್ಲಿ ಚುಟ್ಟ ಹೊತ್ತಿಸುವ ಸಾಧನವೊಂದರ ವ್ಯಾಜ್ಯದಲ್ಲಿ, ನ್ಯಾಯಮೂರ್ತಿ ಡಗ್ಲಸ್ ಅವರು ಸನ್ನದು ಬೇಕಾದರೆ ಪ್ರತಿಭೆಯ ಮಿಂಚು ಕಾಣಿಸಬೇಕೆಂಬ ಅರ್ಥದಲ್ಲಿ ಬರೆದರು. ಮಿಂಚಿನಿಂದ ಹೊಳೆದರೇನು, ಹತ್ತು ವರ್ಷ ಒರೆದು ತೇದು ಕಂಡರೇನು, ಜನಕ್ಕೆ ಬಂದ ಲಾಭ ಒಂದೇ ತಾನೆ? 1952ರಲ್ಲಿ ಹೊಸ ಶಾಸನವಾದಾಗ ಅದರ 103ನೆಯ ವಿಭಾಗವು ಎರಡು ಮಾತನ್ನೂ ಸ್ಥಿರಪಡಿಸಿತು: ಆ ಕಸಬಿನಲ್ಲಿ ಸಾಮಾನ್ಯ ಕೌಶಲವುಳ್ಳವನಿಗೆ, ಶೋಧವಾದ ಆ ಕಾಲದಲ್ಲಿ, ಸ್ವತಃಸಿದ್ಧವಾಗಿ ತೋರುವಂತಹದಕ್ಕೆ ಸನ್ನದಿಲ್ಲ, ಆದರೆ ಶೋಧವಾದ ಬಗೆ ಯಾವುದೆಂಬ ಕಾರಣದಿಂದ ಸನ್ನದನ್ನು ನಿರಾಕರಿಸಕೂಡದು. ಹಿಡಿಗುಂಡಿನ ಕೆಲಸಗಾರನು 101 ವರ್ಷ ನ್ಯಾಯಾಲಯದ ಅತಿಥಿಯಾಗಿದ್ದು, ಆಗ ಶಾಸನದ ಮನೆಯವನಾದನು.

ಆ ವಿಭಾಗವನ್ನು 1966ರಲ್ಲಿ ವಿವರಿಸಿದ ತೀರ್ಪುಗಳಲ್ಲಿಯೂ ಮನೆಬಳಕೆಯ ವಸ್ತುವೊಂದಿತ್ತು. ಕ್ರಿಮಿನಾಶಕ ದ್ರವದ ಸೀಸೆಗೆ ಸೇರಿಸಿಯೇ ಮಾರುವ ಪಿಚಕಾರಿಯು ಸಾಗಣೆಯಲ್ಲಿ ಸೋರುತ್ತಿತ್ತು. ಅದನ್ನು ಒತ್ತಿಹಿಡಿದು ಸೋರದಂತೆ ಮಾಡುವ ಮುಚ್ಚಳಕ್ಕೆ ಕುಕ್ ಕೆಮಿಕಲ್ ಕಂಪನಿಯವರ ಸನ್ನದಿತ್ತು. ಕೆಳಗಿನ ಎರಡು ನ್ಯಾಯಾಲಯಗಳು ಅದನ್ನು ಎತ್ತಿಹಿಡಿದಿದ್ದವು. ಪರಮೋಚ್ಚ ನ್ಯಾಯಾಲಯವು, ಹಿಂದಿನ ಸನ್ನದುಗಳಲ್ಲಿದ್ದ ಮುಚ್ಚಳಗಳಿಗೂ ಇದಕ್ಕೂ ಇರುವ ಅಂತರ ಬಹಳ ಸಣ್ಣದೆಂದು ರದ್ದುಮಾಡಿತು. ಆದರೆ ಬಹುಕಾಲದ ಕೊರತೆಯೊಂದು ತುಂಬಿತೇ, ಇತರರು ಯತ್ನಿಸಿ ಸೋತಿದ್ದರೇ, ಮಾರಾಟ ಹೇಗಾಯಿತು ಎಂಬ ಸಂಗತಿಗಳನ್ನೂ ನೋಡಬಹುದೆಂದು ಒಪ್ಪಿತು. ವುಡ್‌ಬರಿಯವರ ಅಭಿಪ್ರಾಯಕ್ಕೆ ಹಿಂಬಾಗಿಲಿನಿಂದ ಒಳಗೆ ಬರಲು ಅಪ್ಪಣೆಯಾಯಿತು.

ಭಾರತದಲ್ಲಿ ಈ ಪ್ರಶ್ನೆಯ ಮೇಲೆ ಇಂದಿಗೂ ಮೊದಲು ಹೆಸರಿಸುವ ತೀರ್ಪು ಊಟದ ಪಾತ್ರೆಗಳದೇ ಆಗಿರುವುದು ಸೋಜಿಗ. ಗಂಗಾತೀರದ ಮಿರ್ಜಾಪುರವು ಹಿತ್ತಾಳೆಯ ಪಾತ್ರೆಗೆ ಹೆಸರಾದ ಊರು. ಅಲ್ಲಿ ಹಿಂದೂಸ್ಥಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಪಾಲುದಾರಿಕೆಯವರು ಹಿತ್ತಾಳೆ, ಜರ್ಮನ್ ಸಿಲ್ವರುಗಳ ಪಾತ್ರೆ ಮಾಡುತ್ತಿದ್ದರು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಎಂಬ ಅಂಗಡಿಯವರೂ ಅದೇ ಊರಿನಲ್ಲಿ ಅದೇ ಕಸಬಿನವರು. ತಟ್ಟೆಯಂತಹ ತಗ್ಗಾದ ಪಾತ್ರೆಯನ್ನು ಹೆರೆದು ಹೊಳಪು ಕೊಡುವುದಕ್ಕೆ ಅದನ್ನು ತಿರುಗಣಿಯ ಶಿರೋಭಾಗಕ್ಕೆ ಕಚ್ಚಿಸಿ ತಿರುಗಿಸಬೇಕು. ಹಳೆಯ ಕ್ರಮದಲ್ಲಿ ಕಾಯಿಸಿದರೆ ಮೆತ್ತಗಾಗಿ ಆರಿದರೆ ಬಿಗಿಯುವ ಅಂಟಿನಿಂದಲೋ, ಹಲ್ಲುಗಳ ಹಿಡಿತದಿಂದಲೋ ಪಾತ್ರೆಯನ್ನು ಒಂದೇ ಕಡೆಯಿಂದ ಹಿಡಿಯುತ್ತಿದ್ದರು. ವೇಗವಾಗಿ ತಿರುಗುವಾಗ ಹಿಡಿತ ತಪ್ಪಿದರೆ ತಟ್ಟೆಯು ಚಕ್ರಾಯುಧದಂತೆ ಹಾರಿ ಕೆಲಸಗಾರನ ಮೇಲೆ ಬೀಳುವ ಭಯವಿತ್ತು. ಪಾಲುದಾರರಲ್ಲೊಬ್ಬರು 1951ರಲ್ಲಿ ಇದಕ್ಕೆ ಉಪಾಯ ಮಾಡಿದರೆಂದು ಹೇಳಲಾಯಿತು: ಎದುರಿನ ಪುಚ್ಛಭಾಗದಿಂದ ಒಂದು ಕದಿರು ಪಾತ್ರೆಯನ್ನು ಒತ್ತಿಹಿಡಿಯುವುದು, ಒತ್ತುವುದಕ್ಕೆ ಒಂದು ಸನ್ನೆಕೋಲು, ಪಾತ್ರೆಗೆ ತಾಗುವಲ್ಲಿ ಅಡಾಪ್ಟರೆಂಬ ತುಣುಕು. 1951ರ ಡಿಸೆಂಬರ್ 13ರಿಂದ ಅನ್ವಯಿಸುವಂತೆ 1953ರ ಮೇ 6ರಂದು ಸನ್ನದು ದೊರೆಯಿತು. ನೆರೆಯವರೂ ಹಾಗೆಯೇ ಪಾತ್ರೆ ಕಡೆಯುವುದನ್ನು ಕಂಡು 1953ರಲ್ಲಿಯೇ ದಾವೆ ಹೂಡಲಾಯಿತು. ಪ್ರತಿವಾದಿಗಳು, ತಿರುಗಣಿಯ ಎರಡೂ ಕೊನೆಯಿಂದ ವಸ್ತುವನ್ನು ಹಿಡಿಯುವುದು ದೇಶದಲ್ಲೆಲ್ಲ ದಶಕಗಳಿಂದ ನಡೆದುಬಂದ ರೂಢಿಯೆಂದು ವಾದಿಸಿ, ಸನ್ನದನ್ನೇ ರದ್ದುಮಾಡಬೇಕೆಂದು ಅಲಹಾಬಾದಿನ ಉಚ್ಚ ನ್ಯಾಯಾಲಯವನ್ನು ಬೇಡಿದರು.

ಅಲ್ಲಿ ಏಕಸದಸ್ಯ ಪೀಠವು ಸನ್ನದನ್ನು ರದ್ದುಮಾಡಿತು; ಮೇಲಣ ಪೀಠವು ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಕಡೆಗೆ ವ್ಯಾಜ್ಯವು ದೆಹಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, 1978ರ ಡಿಸೆಂಬರ್ 13ರಂದು ನ್ಯಾಯಮೂರ್ತಿ ಸರ್ಕಾರಿಯಾ ಅವರ ತೀರ್ಪಿನಿಂದ ಮುಗಿಯಿತು. ಸನ್ನದಿನ ಮಿತಿಗೂ ತೀರ್ಪಿನ ಮಿತಿಗೂ ನಡುವೆ ಸರಿಯಾಗಿ 27 ವರ್ಷ. 1911ರ ಕಾಯಿದೆಯಂತೆ ಸನ್ನದಿನ ಆಯುಸ್ಸೇ 16 ವರ್ಷವಾದುದರಿಂದ, ಗೆದ್ದಿದ್ದರೂ ಸನ್ನದುದಾರರ ಏಕಸ್ವಾಮ್ಯವು 1967ರಲ್ಲಿಯೇ ತೀರಿಹೋಗುತ್ತಿತ್ತು! ಸತ್ತ ಹಸುವಿನ ಹಾಲಿಗೆ ನಡೆದ ಜಗಳವೆಂದು ನಗುವವರು ನಗಬಹುದು. ಆದರೆ ಈ ತೀರ್ಪು ಉಳಿಸಿಹೋದ ನಿಯಮವು ಉಪಯೋಗಕ್ಕೆ ಬಂದಿದೆ.

ಆ ನಿಯಮದಲ್ಲಿ ಮೊದಲನೆಯದು, ಪೇಟೆಂಟ್ ಕಚೇರಿಯವರು ಪರೀಕ್ಷಿಸಿ ಮುದ್ರೆಯೊತ್ತಿದರೆಂಬ ಮಾತ್ರಕ್ಕೆ ಸನ್ನದು ಸಿಂಧುವಾಗದು. ನ್ಯಾಯಾಲಯದಲ್ಲಿ ಅದನ್ನು ಮತ್ತೆ ಒರೆಗೆ ಹಚ್ಚಬಹುದು. ಎರಡನೆಯದು, ಹಳೆಯದರ ಮೇಲಣ ಸುಧಾರಣೆಗೆ ಸನ್ನದು ಬೇಕಾದರೆ ಅದು ಕಾರ್ಖಾನೆಯಲ್ಲಿ ದಿನವೂ ನಡೆಯುವ ಕೈತಿದ್ದುಪಡಿಗಿಂತ ಮಿಗಿಲಾಗಿರಬೇಕು. ಇನ್ನು ಕಲ್ಪಿತ ಪುರುಷನ ವಿಷಯ: ಅಮೆರಿಕದ ಸಾಮಾನ್ಯ ಕೆಲಸಗಾರನು ಇಲ್ಲಿ ಬರಿಯ ಕೂಲಿಯಾಳಲ್ಲ, ಸಮರ್ಥನಾದ ಶಿಲ್ಪಿ. ಅವನಿಗೆ ಆ ದಿನದ ಸಾಮಾನ್ಯ ಜ್ಞಾನವೆಲ್ಲ ತಿಳಿದಿದೆ. ಹಾರುವ ಪಾತ್ರೆಯ ಕಷ್ಟವೂ ತಿಳಿದಿದೆ. ಸನ್ನದುದಾರನು ಕಂಡ ಉತ್ತರ ಮಾತ್ರ ತಿಳಿದಿಲ್ಲ. ಹಿಂದಿನ ಬರಹವನ್ನು ಅವನ ಕೈಗಿತ್ತರೆ, ತನಗೆ ಬೇಕಾದುದು ಇಲ್ಲಿಯೇ ಇದೆಯೆಂದು ಅವನು ಹೇಳುತ್ತಿದ್ದನೇ? ಹೇಳುತ್ತಿದ್ದನೆಂದರೆ ಸನ್ನದಿಗೆ ಎಡೆಯಿಲ್ಲ. ತಿರುಗಣಿ ಹಳೆಯದು, ಪುಚ್ಛಭಾಗ ಹಳೆಯದು. ಸನ್ನೆಕೋಲು, ಅಡಾಪ್ಟರುಗಳು ಕಾರ್ಖಾನೆಯ ಸುಧಾರಣೆಯಷ್ಟೇ ಎಂದು ನ್ಯಾಯಾಲಯವು ಸನ್ನದನ್ನು ರದ್ದುಮಾಡಿತು.

ಈ ತೀರ್ಪು ನ್ಯಾಯವಾದುದೆಂದೇ ತೋರುತ್ತದೆ. ಪಾತ್ರೆ ಹಾರಿ ಗಾಯಗೊಳ್ಳುವವನು ಈ ವ್ಯಾಜ್ಯದಲ್ಲಿ ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ಸನ್ನದು ನಿಂತಿದ್ದರೆ ಅವನ ಕೈಮುಖಗಳನ್ನು ಕಾಯುವ ಉಪಾಯವು ಒಂದೇ ಕಾರ್ಖಾನೆಯ ಸ್ವತ್ತಾಗಿ, ಉಳಿದ ಅಂಗಡಿಗಳ ಕೆಲಸಗಾರರು ಹಳೆಯ ಅಂಟನ್ನೇ ನಂಬಬೇಕಾಗುತ್ತಿತ್ತು. ಆದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಒಗಟನ್ನು ಬಿಡಿಸಿದ ಮೇಲೆ ‘ಇಷ್ಟೇಯೇ!’ ಎನ್ನದ ಹುಡುಗನಿಲ್ಲ. ಬಿಡಿಸುವುದಕ್ಕೆ ಮುಂಚೆ ಅವನೇ ಬಾಯಿ ಬಿಡಲಾರದೆ ಕುಳಿತಿರುತ್ತಾನೆ. ನ್ಯಾಯಾಧೀಶರೂ ಉತ್ತರವನ್ನು ಕಂಡ ಮೇಲೆಯೇ ಪೀಠವೇರುವವರು. ಉತ್ತರ ತಿಳಿಯದ ಶಿಲ್ಪಿಯನ್ನು ಅವರು ಕಲ್ಪಿಸಿಕೊಳ್ಳಬೇಕೆಂದು ನಿಯಮವಿದೆ ನಿಜ. ಆದರೆ ತಿಳಿದುದನ್ನು ಮರೆಯುವುದು ತಿಳಿಯದುದನ್ನು ಕಲಿಯುವುದಕ್ಕಿಂತ ಕಷ್ಟ. ಭಾರತದ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯು, ಕುಶಲನಿಗೆ ಸ್ವತಃಸಿದ್ಧವಾಗಿರಕೂಡದೆಂಬುದರ ಜೊತೆಗೆ ಶೋಧದಲ್ಲಿ ತಾಂತ್ರಿಕವಾದ ಮುನ್ನಡೆಯೋ ಆರ್ಥಿಕವಾದ ಮಹತ್ತ್ವವೋ ಎರಡೂ ಸೇರಿಯೋ ಇರಬೇಕೆಂದು ಹೇಳಿದೆ. ಅಗ್ಗವಾದ ಹಿಡಿಗುಂಡಿನ ಪರವಾಗಿ ಬರೆದ ವುಡ್‌ಬರಿಯವರು ಇದನ್ನು ಕಂಡಿದ್ದರೆ ಅರ್ಧವಾದರೂ ತೃಪ್ತರಾಗುತ್ತಿದ್ದರು.

ಉತ್ತರ ತಿಳಿಯದವನನ್ನು ಊಹಿಸುವ ಬದಲು, ನಿಜವಾಗಿ ತಿಳಿಯದೆ ಇದ್ದವರನ್ನೇ ಸಾಕ್ಷಿಗೆ ಕರೆದ ಒಂದು ತೀರ್ಪು 1999ರಲ್ಲಿ ಇಂಗ್ಲೆಂಡಿನಲ್ಲಿ ಆಯಿತು. ಅದರ ವಸ್ತು ಮಗುವಿನ ಲೋಟ. ಸೀಸೆ ಬಿಡಿಸಿದ ಮಗುವಿಗೆ ಲೋಟದಿಂದ ಕುಡಿಯುವುದನ್ನು ಕಲಿಸಲು, ಮೂತಿಯುಳ್ಳ ಮುಚ್ಚಳದ ಲೋಟಗಳನ್ನು ಅಲ್ಲಿ ಬಹುಕಾಲದಿಂದ ಮಾರುತ್ತಿದ್ದರು. ಮಗು ಅದನ್ನು ಕೆಡವಿದರೆ ಮೂತಿಯ ತೂತಿನಿಂದ ಪಾನಕವೆಲ್ಲ ಜಮಖಾನದ ಪಾಲು. ಮುಚ್ಚಿಟ್ಟುಕೊಳ್ಳಬಹುದಾದ ಮೂತಿಗಳೂ ಇದ್ದವು; ಆದರೆ ಪ್ರತಿ ಗುಟುಕಿಗೂ ತೆರೆದು ಮುಚ್ಚಲು ತಾಯಿಯ ಕೈ ಬೇಕು. ಮ್ಯಾಂಡಿ ಹೇಬರ್‌ಮನ್ ಎಂಬ ಮಹಿಳೆಯು ಮೊದಲೇ, ಹೀರುವ ಶಕ್ತಿ ಸಾಲದ ತನ್ನ ಮಗುವಿನ ಕಷ್ಟವನ್ನು ಕಂಡು ಅಂತಹ ಶಿಶುಗಳಿಗಾಗಿ ಒಂದು ಹಾಲಿನ ಸೀಸೆಯನ್ನು ರೂಪಿಸಿದ್ದಳು. 1990ರಲ್ಲಿ ಮಗುವೊಂದು ಲೋಟದ ಪಾನಕವನ್ನು ಚೆಲ್ಲುವುದನ್ನು ಕಂಡು ಅವಳಿಗೆ ಹೊಳೆದುದಿಷ್ಟು: ಮೂತಿಯಲ್ಲಿ ಸೀಳುಳ್ಳ ಮೆತುವಾದ ಒಂದು ಕವಾಟವನ್ನಿಟ್ಟರೆ ಮಗು ಹೀರಿದಾಗ ತೆರೆಯುತ್ತದೆ, ಬಿಟ್ಟಾಗ ತಾನೇ ಮುಚ್ಚುತ್ತದೆ. ಸೀಳಿನ ಕವಾಟವೇನೂ ಹೊಸದಲ್ಲ. ಲೋಟವಂತೂ ಹಳೆಯದು. ಜಾಕೆಲ್ ಕಂಪನಿಯವರು ಅಂತಹದೇ ಲೋಟವನ್ನು ಮಾರಿ, ವ್ಯಾಜ್ಯ ಬಂದಾಗ ಇದು ಯಾರಿಗಾದರೂ ಹೊಳೆಯುತ್ತಿತ್ತೆಂದು ವಾದಿಸಿದರು.

ಮರದ ಬದಲು ಮಣ್ಣು, ಕೋಲಿನ ತುದಿಗೆ ರಬ್ಬರು ಎಂಬ ಹಳೆಯ ತೀರ್ಪುಗಳನ್ನು ನೋಡಿದವರು ಇದಕ್ಕೂ ಅದೇ ಗತಿಯೆಂದುಕೊಂಡಾರು. ನ್ಯಾಯಮೂರ್ತಿ ಲ್ಯಾಡಿ ಅವರು ಬೇರೆ ರೀತಿಯಲ್ಲಿ ವಿಚಾರಿಸಿದರು. ಚೆಲ್ಲುವ ಕಷ್ಟ ಎಷ್ಟು ಕಾಲದಿಂದ ಇತ್ತು? ಅದನ್ನು ನೀಗಲು ಎಷ್ಟು ಮಂದಿ ಯತ್ನಿಸುತ್ತಿದ್ದರು? ಅವರ ಕೈಗೆಟಕುವಂತೆ ಯಾವ ಸಾಮಗ್ರಿಗಳಿದ್ದವು? ಅವರು ಬೇರೆ ಯಾವ ಉತ್ತರಗಳನ್ನು ತಂದರು? ಹೊಸ ಲೋಟ ಬಂದಾಗ ವ್ಯಾಪಾರಿಗಳೂ ತಾಯಂದಿರೂ ಅದನ್ನು ಹೇಗೆ ಕಂಡರು? ಅದರ ಮಾರಾಟವು ಜಾಹೀರಾತಿನ ಫಲವೋ, ವಸ್ತುವಿನ ಗುಣದ ಫಲವೋ? ಇವಕ್ಕೆ ಬಂದ ಉತ್ತರಗಳೆಲ್ಲ ಒಂದೇ ಕಡೆಗೆ ತೋರಿದವು. ಈ ವ್ಯಾಪಾರದಲ್ಲಿ ಪಳಗಿದವರ ಮುಂದೆ ಕವಾಟವೂ ಇತ್ತು, ಲೋಟವೂ ಇತ್ತು, ಕಷ್ಟವೂ ಇತ್ತು. ವರ್ಷಗಟ್ಟಲೆ ಎರಡನ್ನೂ ಕೂಡಿಸಿದವರಿಲ್ಲ. ಉಪಾಯವು ಇಷ್ಟು ಸರಳವಾಗಿರುವುದು ಅದು ಸ್ವತಃಸಿದ್ಧವೆಂಬುದಕ್ಕೆ ಸಾಕ್ಷಿಯಾಗದೆ, ಸ್ವತಃಸಿದ್ಧವಲ್ಲವೆಂಬುದಕ್ಕೇ ಸಾಕ್ಷಿಯಾಯಿತು. ಸನ್ನದು ಸಿಂಧುವೆಂದೂ, ಜಾಕೆಲ್ ಕಂಪನಿಯ ಲೋಟವು ಅದನ್ನು ಅತಿಕ್ರಮಿಸಿತೆಂದೂ ತೀರ್ಪಾಯಿತು.